ಲೆಪ್ಪರಂತದ ಮೀನುಮನೆ

"ಈ ಮೀನನ್ನ ನೀವು ಮಾರೋ ಹಾಗಿಲ್ಲ."

ಆ ಮನುಷ್ಯ ಅಷ್ಟೇ ಹೇಳಿದ. ಹೇಳಿ, ಮೀನಿನ ರಾಶಿಗೆ ಚುಚ್ಚಿದ್ದ ಥರ್ಮಾಮೀಟರನ್ನು ಹೊರಗೆಳೆದು ಒರೆಸಿಕೊಂಡ.

ಸೈಮಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ದೋಣಿಯಿಂದ ದಕ್ಕೆಗೆ ಒಂದೇ ನೆಗೆತಕ್ಕೆ ಹಾರಿ ಅವನ ಎದುರು ನಿಂತಳು.

ಜುಲೈ ತಿಂಗಳ ಬಿಸಿಲು ಉತ್ತರದ ನಾಡಿನ ಲೆಪ್ಪರಂತ ಊರಿನ ಸರೋವರದ ಮೇಲೆ ಕಣ್ಣು ಕುಕ್ಕುತ್ತಿತ್ತು. ದಕ್ಕೆಯ ಉದ್ದಕ್ಕೂ ಕ್ರೇಟುಗಳು, ಕ್ರೇಟುಗಳ ತುಂಬ ಮುಯಿಕ್ಕು. ಗೇಣುದ್ದವೂ ಇಲ್ಲದ ಬೆಳ್ಳಿಯಂಥ ಮೀನು. ದಕ್ಷಿಣದ ಕಂಪನಿಯೊಂದರ ಲಾರಿ ಬೆಳಿಗ್ಗೆಯೇ ಬಂದು ಒಯ್ಯಬೇಕಿತ್ತು, ಬರಲಿಲ್ಲ. ಇಷ್ಟು ಮೀನಿಗೆ ಅಷ್ಟು ದೂರ ಡೀಸೆಲ್ ಸುಟ್ಟರೆ ಗಿಟ್ಟುವುದಿಲ್ಲ ಎಂದು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟಿದ್ದರು. ಪೆಟ್ರೋಲ್ ಬಂಕಿನಿಂದ ಅವಳು ಹೊತ್ತು ತಂದ ಐಸು ಆಗಲೇ ನೀರಾಗಿ ಹಲಗೆಗಳ ಸಂದಿಯಲ್ಲಿ ಇಳಿದುಹೋಗಿತ್ತು.

ಅಪ್ಪ ತೀರಿಕೊಂಡ ಮೇಲೆ ದೋಣಿ, ಬಲೆ ಎರಡೂ ಅವಳ ಪಾಲಿಗೆ ಬಂದಿದ್ದವು. ಆ ಬೇಸಿಗೆಯಲ್ಲೇ ಅತಿ ಹೆಚ್ಚು ಮೀನು ಬಲೆಗೆ ಬಿದ್ದದ್ದು ಅಂದೇ.

"ಮೀನು ಹಿಡಿಯೋದು ಹೇಗೆ ಅಂತ ನನಗೆ ಹೇಳಿಕೊಡೋಕೆ ಬಂದಿದ್ದೀರಾ?" ಎಂದಳು.

"ಇಲ್ಲ. ಹಿಡಿದಿದ್ದರಲ್ಲಿ ತಪ್ಪೇನಿಲ್ಲ. ಬಿಸಿಲಲ್ಲಿ ಕಾದಿದೆ, ಅದೇ ತೊಂದರೆ. ತಿಂದೋರು ಕಾಯಿಲೆ ಬಿದ್ದರೆ ನಾಳೆ ನಾನೂ ನೀವೂ ಎಷ್ಟು ಅತ್ತರೂ ಪ್ರಯೋಜನ ಇಲ್ಲ."

ಅವನು ಜಿಲ್ಲೆಗೆ ಹೊಸದಾಗಿ ಬಂದಿದ್ದ ಫುಡ್ ಇನ್‌ಸ್ಪೆಕ್ಟರ್. ಹೆಸರು ಇಲ್ಮರಿ. ಅವನಿಗೆ ಏನು ಬೈಯಬೇಕೆಂದು ಸೈಮಿ ಮಾತು ಹುಡುಕುತ್ತಿರುವಾಗಲೇ ಅವನು ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದ, ತೋಳು ಮಡಚಿದ, ಮೊದಲ ಕ್ರೇಟಿಗೆ ಕೈ ಹಾಕಿದ.

"ಎಲ್ಲಿಗೆ ಒಯ್ಯಬೇಕು?" ಎಂದು ಕೇಳಿದ.

ಅವಳು ಆಲೂಗಡ್ಡೆ ಹೊಲದ ಕಡೆ ಕೈ ತೋರಿಸಿದಳು.

ಇಬ್ಬರೂ ಸೇರಿ ಆ ಮೀನನ್ನೆಲ್ಲ ಹೊತ್ತು, ಗುಂಡಿ ತೋಡಿ ಹೂತರು. ಕೊನೆಯ ಕ್ರೇಟು ಬರಿದಾದಾಗ ಸೈಮಿಯ ಕಣ್ಣು ತುಂಬಿತು. ಅವನು ನೋಡಿಯೂ ನೋಡದವನಂತೆ ಮುಖ ತಿರುಗಿಸಿದ. ಆ ಕ್ಷಣಕ್ಕೆ ಅವಳಿಗೆ ಅದೇ ದೊಡ್ಡ ಸಮಾಧಾನವೆನಿಸಿತು... ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಕೋಪವೂ ಬಂತು.

ಇಷ್ಟು ಹೊತ್ತೂ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದವಳು ಹಿಲ್ಮಾ ಅತ್ತೆ, ಸೈಮಿಯ ಅಪ್ಪನ ಅಕ್ಕ. ಇಡೀ ಬದುಕು ತಣ್ಣೀರಿನಲ್ಲಿ ಮೀನು ಹಸನು ಮಾಡಿ ಬೆರಳ ಗಂಟುಗಳು ಊದಿಕೊಂಡಿದ್ದವು. ನಾಲಿಗೆ ಮಾತ್ರ ಇನ್ನೂ ಚುರುಕಾಗಿತ್ತು.

"ಏನಪ್ಪಾ ಆಫೀಸರೇ, ಈ ನಾತ ಹೊತ್ತುಕೊಂಡು ಊರಿಗೆ ಹೋದರೆ ನಿನ್ನನ್ನೇ ಹೂತುಬಿಡ್ತಾರೆ. ಸೌನಾ ಕಾದಿದೆ. ಹೋಗಿ ಬೆವರಿ ಮಿಂದು ಬಾ."

ಸೌನಾದ ಬಿಸಿ ಹಬೆಯಿಂದ ಕೆಂಪಗಾಗಿ ಹೊರಬಂದ ಇಲ್ಮರಿಗೆ ಅತ್ತೆ ಕಾಫಿ ಕೊಟ್ಟಳು. ಕಾಫಿ ಕುಡಿಯುತ್ತ ಅವನು ಒಂದು ವಿಷಯ ಹೇಳಿದ. ಊರಲ್ಲಿ ಹಿಡಿದದ್ದನ್ನು, ಬೆಳೆದದ್ದನ್ನು ಅಲ್ಲಲ್ಲೇ ಹಸನು ಮಾಡಿ ಅಲ್ಲಲ್ಲೇ ಹಂಚಲು ಸರ್ಕಾರ ಅನುದಾನ ಕೊಡುತ್ತದೆ. ಐಸು ಮಾಡುವ ಯಂತ್ರ, ಮೀನು ಹಸನು ಮಾಡುವ ಕೋಣೆ, ತಂಪು ವ್ಯಾನು, ಎಲ್ಲದಕ್ಕೂ. ಒಬ್ಬರೇ ಕೇಳಿದರೆ ಸಿಗುವುದು ಕಷ್ಟ. ಊರಿನ ಬೆಸ್ತರೆಲ್ಲ ಒಟ್ಟಾಗಿ ಕೇಳಬೇಕು.

ಸೈಮಿ ಕೇಳಿಸಿಕೊಳ್ಳದವಳಂತೆ ಬಲೆ ಒಣಹಾಕುತ್ತಿದ್ದಳು. ಅವನು ಹೋದ ಮೇಲೆ ಹಿಲ್ಮಾ ಅತ್ತೆ, "ಕೋಪ ಇರಲಿ, ಬೇಡ ಅನ್ನಲ್ಲ. ಆದರೆ ಕಿವಿನೂ ಅದಕ್ಕೇ ಕೊಟ್ಟುಬಿಡಬೇಡ ಮಗಳೇ," ಎಂದಳು.

*

ಕೋಪ ಒಂದು ವಾರ ಇತ್ತು. ಆಮೇಲೆ ಸೈಮಿಯೇ ಫೋನ್ ಮಾಡಿದಳು.

ಇಲ್ಮರಿ ಬಂದ. ದಕ್ಕೆಯ ಪಕ್ಕದ ಹಳೆಯ ದೋಣಿ ಶೆಡ್ಡನ್ನು ಸುತ್ತಿ ನೋಡಿದ. ಬಾಗಿಲು ಎಲ್ಲಿರಬೇಕು, ಗೋಡೆ ಹೇಗಿದ್ದರೆ ತೊಳೆಯಲು ಸುಲಭ, ಹಸನಾದ ಮೀನೂ ಕಸವೂ ಒಂದೇ ದಾರಿಯಲ್ಲಿ ಹೋಗಬಾರದೇಕೆ ಎಂದೆಲ್ಲ ಸಹನೆಯಿಂದ ಹೇಳಿದ. ಊರಿನ ಬೆಸ್ತರು ಮೊದಲು ಗೊಣಗಿದರು. ಸರ್ಕಾರದ ದುಡ್ಡು ತಗೊಂಡರೆ ಸರ್ಕಾರ ಮನೆಯೊಳಗೆ ಬಂದು ಕೂರುತ್ತದೆ ಎಂದರು. ಸೈಮಿ ಮನೆಮನೆಗೆ ಹೋಗಿ ಮಾತಾಡಿದಳು. ಆ ಹೂತ ಮೀನನ್ನು ಎಲ್ಲರೂ ನೋಡಿದ್ದರು. ಕೊನೆಗೆ ಎಲ್ಲರೂ ಸೇರಿ ಸಂಘ ಮಾಡಿಕೊಂಡರು, ಅವಳನ್ನೇ ಮುಂದೆ ನಿಲ್ಲಿಸಿದರು.

ಬರ್ಚ್ ಮರಗಳ ಎಲೆ ಹಳದಿಯಾಗುವ ಹೊತ್ತಿಗೆ ಅರ್ಜಿ ಪ್ರಾಂತ್ಯದ ಕಚೇರಿಗೆ ಹೋಯಿತು.

ಅರ್ಜಿ ಹೋದ ಮೇಲೂ ಇಲ್ಮರಿ ಬರುವುದು ನಿಲ್ಲಲಿಲ್ಲ. ಈಗ ಬರಲು ಅವನಿಗೆ ಕಾರಣವೇನೂ ಇರಲಿಲ್ಲ. ಅದು ಸೈಮಿಗೂ ಗೊತ್ತಿತ್ತು, ಅತ್ತೆಗಂತೂ ಚೆನ್ನಾಗಿ ಗೊತ್ತಿತ್ತು. ಭಾನುವಾರ ಬಂದರೆ ಅತ್ತೆ ಏಲಕ್ಕಿ ಬನ್ ಬೇಯಿಸಿಟ್ಟಿರುತ್ತಿದ್ದಳು.

"ಅದೇನೇ ಅದು, ಇನ್ನೂ ನೀವು ತಾವು ಅಂತ?" ಎಂದು ಒಂದು ದಿನ ಇಬ್ಬರನ್ನೂ ಗದರಿದಳು. "ನಮ್ಮೂರಲ್ಲಿ ಪಾದ್ರಿಗೇ ನೀನು ಅಂತೀವಿ. ಇವನೇನು ಪಾದ್ರಿಗಿಂತ ದೊಡ್ಡವನಾ?"

ಅಂದಿನಿಂದ ಅವರು ನೀನು ಎಂದರು. ಮೊದಲ ಸಲ ಆ ಮಾತು ಅವನ ಬಾಯಲ್ಲಿ ಕೇಳಿದಾಗ ಸೈಮಿಗೆ ಬನ್ನಿನ ತುಂಡು ಗಂಟಲಲ್ಲಿ ಸಿಕ್ಕಿಕೊಂಡಿತು.

ಅವನು ಹೆಚ್ಚು ಮಾತಾಡುವವನಲ್ಲ. ಒಮ್ಮೆ ಮಾತ್ರ ತನ್ನ ತಂಗಿಯ ವಿಷಯ ಹೇಳಿದ. ಚಿಕ್ಕಂದಿನಲ್ಲಿ ಯಾವುದೋ ಸಂತೆಯಲ್ಲಿ ಹೊಗೆಯಲ್ಲಿ ಬೇಯಿಸಿದ ಮೀನು ತಿಂದು ಅವಳು ಇಡೀ ಬೇಸಿಗೆ ಆಸ್ಪತ್ರೆಯಲ್ಲಿ ಮಲಗಿದ್ದಳಂತೆ. ಬದುಕಿಕೊಂಡಳು. ಮಾರಿದವನು ಕೆಟ್ಟವನಲ್ಲ, ಅವನಿಗೆ ಐಸು ಸಿಕ್ಕಿರಲಿಲ್ಲ, ಅಷ್ಟೇ ಎಂದ.

ಸೈಮಿ ಆ ಸಂಜೆ ಬಹಳ ಹೊತ್ತು ಯೋಚಿಸಿದಳು. ದಕ್ಕೆಯಲ್ಲಿ ಅವನು ಆಡಿದ ಮಾತನ್ನು ತಾನು ಎಷ್ಟು ತಪ್ಪು ತಿಳಿದಿದ್ದೆ ಎನಿಸಿತು.

ಫೆಬ್ರವರಿಯಲ್ಲಿ ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಹಿಮಗಡ್ಡೆ ಕೊರೆದು, ಅದರಡಿ ಬಿಟ್ಟ ಬಲೆಯನ್ನು ಸೈಮಿ ಎಳೆಯುತ್ತಿರುವಾಗ ಇಲ್ಮರಿ ದಡದಿಂದ ನಡೆದು ಬಂದ, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು. ಕೈಗವಸು ಕಳಚಿ ಬಲೆಯ ಇನ್ನೊಂದು ತುದಿ ಹಿಡಿದ. ಇಬ್ಬರ ಬೆರಳುಗಳು ತಾಗಿದವು. ಅವು ಮರಗಟ್ಟಿದ್ದವು, ಆದರೂ ಯಾರೂ ಕೈ ಹಿಂದೆಗೆಯಲಿಲ್ಲ.

"ಸೈಮಿ..." ಎಂದ ಅವನು. "ನಿನಗೊಂದು ಮಾತು ಹೇಳಬೇಕು."

ಗಾಬರಿಯಲ್ಲಿ ಅವಳು, ಅವನು ಮಾತು ಮುಗಿಸುವ ಮುನ್ನವೇ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ನಾನೇ ಮೊದಲು ಹೇಳಬೇಕು. ನಿನ್ನ ಉಪಕಾರ ಈ ಜನ್ಮದಲ್ಲಿ ತೀರಿಸೋಕಾಗಲ್ಲ ಇಲ್ಮರಿ. ನೀನು ಏನು ಕೇಳಿದರೂ ನಾನು ಇಲ್ಲ ಅನ್ನಲ್ಲ."

ಅವನ ಮುಖ ಬಾಡಿತು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

"ಉಪಕಾರ ಅನ್ನಬೇಡ," ಎಂದಷ್ಟೇ ಹೇಳಿ ಬಲೆ ಎಳೆಯುವುದನ್ನು ಮುಂದುವರಿಸಿದ. ಹೇಳಬೇಕೆಂದಿದ್ದ ಮಾತನ್ನು ಹೇಳಲೇ ಇಲ್ಲ.

ಅದಾದ ಮೇಲೆ ಒಂದು ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

*

ಮಾರ್ಚ್‌ನಲ್ಲಿ ಪ್ರಾಂತ್ಯದ ಕಚೇರಿಯಿಂದ ಐಲಾ ಎಂಬ ಅಧಿಕಾರಿ ಫೋನ್ ಮಾಡಿದರು. ಯೋಜನೆ ಈಗಿರುವ ಹಾಗೆ ಒಪ್ಪಿಗೆಯಾಗುವುದಿಲ್ಲ. ಮೀನು ತೊಳೆದ ನೀರು ಹರಿಯುವ ಚರಂಡಿಯ ಬಗ್ಗೆ ಫುಡ್ ಇನ್‌ಸ್ಪೆಕ್ಟರ್ ಆಕ್ಷೇಪ ಎತ್ತಿದ್ದಾರೆ. ಅದನ್ನು ಬದಲಿಸಿ ಮತ್ತೆ ಕಳಿಸಬೇಕು.

"ಯಾವ ಇನ್‌ಸ್ಪೆಕ್ಟರ್?" ಎಂದು ಸೈಮಿ ಕೇಳಿದಳು, ಗೊತ್ತಿದ್ದೂ.

ಇಲ್ಮರಿಯೇ.

ತಮ್ಮ ಮನೆಯ ಮೇಜಿನ ಮುಂದೆ ಕೂತು ಆ ಚರಂಡಿಯ ನಕ್ಷೆಯನ್ನು ಎಷ್ಟು ಸಲ ನೋಡಿದ್ದ! ಆಗ ಬಾಯಿ ಬಿಡದವನು ಈಗ ಬೆನ್ನ ಹಿಂದೆ ಆಕ್ಷೇಪ ಬರೆದನೇ? ಅವನ ಕಚೇರಿಗೆ ಫೋನ್ ಮಾಡಿದಳು. ಎತ್ತಿದವರು ಮೈರೆ ಎಂಬ ಹಿರಿಯ ಇನ್‌ಸ್ಪೆಕ್ಟರ್. ಲೆಪ್ಪರಂತದ ಕೆಲಸವನ್ನು ಇನ್ನು ತಾವೇ ನೋಡಿಕೊಳ್ಳುವುದಾಗಿ, ಇಲ್ಮರಿ ತಾನಾಗಿಯೇ ಅದನ್ನು ಬಿಟ್ಟುಕೊಟ್ಟಿರುವುದಾಗಿ ಅವರು ಹೇಳಿದರು.

ತಾನಾಗಿಯೇ.

ಕೆಡಿಸುವುದನ್ನೂ ಕೆಡಿಸಿ, ಮುಖ ತೋರಿಸಲಾರದೆ ಓಡಿಹೋದ ಎಂದುಕೊಂಡಳು ಸೈಮಿ. ಮಧ್ಯಾಹ್ನ ಅವನಿಂದಲೇ ಸಂದೇಶ ಬಂತು. ಈಗ ಬರಲಾಗುತ್ತಿಲ್ಲ, ಯಾಕೆಂದು ಈಗಲೇ ಹೇಳಲೂ ಆಗುವುದಿಲ್ಲ, ತೀರ್ಮಾನ ಬರುವವರೆಗೆ ತಾಳಿಕೋ ಎಂದಿತ್ತು.

ಅವಳು ಒಂದೇ ಸಾಲು ಬರೆದಳು: "ಇನ್ನು ಮೇಲೆ ನೀವು ಇಲ್ಲಿಗೆ ಬರೋದು ಬೇಡ."

ನೀವು ಎಂದು ಬರೆದದ್ದು ಅವಳಿಗೇ ಚುಚ್ಚಿತು. ಆದರೂ ಕಳಿಸಿಬಿಟ್ಟಳು.

ಹಿಲ್ಮಾ ಅತ್ತೆ ಬೈಯಲಿಲ್ಲ. ಅವಳ ತಟ್ಟೆಗೆ ಬೆಣ್ಣೆಯಲ್ಲಿ ಹುರಿದ ಮುಯಿಕ್ಕು ಬಡಿಸಿ, ಅಳುವುದಾದರೆ ಉಂಡು ಅಳು ಎಂದಳು.

ಅಳಲು ಪುರುಸೊತ್ತೂ ಇರಲಿಲ್ಲ. ಚರಂಡಿಯ ಯೋಜನೆ ಬದಲಾಗಬೇಕಿತ್ತು. ನೀರು ನೇರವಾಗಿ ಸರೋವರಕ್ಕೆ ಇಳಿಯದೆ ತೊಟ್ಟಿಯಲ್ಲಿ ನಿಂತು, ತಿಳಿಯಾಗಿ, ಮರಳಿನಲ್ಲಿ ಸೋಸಿ ಹೋಗುವಂತೆ ಮಾಡಬೇಕು. ಹೊಸ ನಕ್ಷೆ ಕಚೇರಿಗೆ ಹೋಯಿತು. ಹಿಮ ಕರಗುತ್ತಲೇ ತೊಟ್ಟಿಗೆ ಗುಂಡಿ ತೋಡಲು ಊರಿನವರೆಲ್ಲ ಸನಿಕೆ ಹಿಡಿದು ಬಂದರು. ಗೊಣಗಿದವರೇ ಮೊದಲು ಬಂದರು. ಸೈಮಿ ಅವರಿಗೆ ಸೂಪು ಬಡಿಸುವಾಗ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಷ್ಟು ಜನ ತನಗಿದ್ದಾರೆಂದು ಅವಳಿಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

ಆ ಮೇ ತಿಂಗಳಲ್ಲಿ ಸರೋವರದ ನೀರು ಈಚಿನ ವರ್ಷಗಳಲ್ಲಿ ಕಾಣದಷ್ಟು ಏರಿತು. ಮೊದಲ ನಕ್ಷೆಯಲ್ಲಿ ಚರಂಡಿ ಹಾದುಹೋಗಬೇಕಿದ್ದ ಜಾಗ ಪೂರ್ತಿ ಮುಳುಗಿತು. ಅದೇ ವಾರ ನೋಡಲು ಬಂದ ಐಲಾ ರಬ್ಬರ್ ಬೂಟಿನಲ್ಲಿ ನಿಂತು ಆ ನೀರನ್ನು ನೋಡಿ ತಲೆಯಾಡಿಸಿದರು.

ಜೂನ್ ಕೊನೆಯ ನಡುಬೇಸಿಗೆಯ ಹಬ್ಬಕ್ಕೆ ಮುಂಚೆ ಅನುದಾನ ಮಂಜೂರಾಯಿತು.

ಸುದ್ದಿ ಕೇಳಿ ಸೈಮಿ ದಕ್ಕೆಯ ತುದಿಗೆ ಹೋಗಿ ಕೂತಳು. ಮೊದಲು ಯಾರಿಗೆ ಹೇಳಲಿ ಎಂದಾಗ ಮನಸ್ಸಿಗೆ ಬಂದದ್ದು ಒಂದೇ ಹೆಸರು. ಫೋನು ಕೈಗೆತ್ತಿಕೊಂಡಳು... ತಾನು ಬರೆದಿದ್ದ ಆ ಕೊನೆಯ ಸಾಲು ಕಣ್ಣಿಗೆ ಬಿತ್ತು. ಹಾಗೇ ಕೆಳಗಿಟ್ಟಳು.

*

ಬೇಸಿಗೆಯೆಲ್ಲ ಸುತ್ತಿಗೆಯ ಸದ್ದು. ಅಕ್ಟೋಬರಿನಲ್ಲಿ ಮುಯಿಕ್ಕು ಮೊಟ್ಟೆ ಕಟ್ಟುವ ಹೊತ್ತಿಗೆ ಹಳೆಯ ಶೆಡ್ಡು ಮೀನುಮನೆಯಾಗಿ ನಿಂತಿತ್ತು. ಬಿಳಿ ಗೋಡೆ, ಉಕ್ಕಿನ ಮೇಜುಗಳು, ಮೂಲೆಯಲ್ಲಿ ಐಸಿನ ಯಂತ್ರ, ಅಂಗಳದಲ್ಲಿ ತಂಪು ವ್ಯಾನು.

ಹಿಲ್ಮಾ ಅತ್ತೆ ನಲ್ಲಿ ತಿರುಗಿಸಿ ಬೆಚ್ಚನೆಯ ನೀರಿಗೆ ಕೈಯೊಡ್ಡಿದಳು.

"ನಮ್ಮಮ್ಮ ಇದೇ ದಡದಲ್ಲಿ ಹಿಮ ಒಡೆದು ಮೀನು ತೊಳೀತಿದ್ದಳು," ಎಂದಳು. ಚುರುಕು ನಾಲಿಗೆಯ ಆ ಹೆಂಗಸು ಅಳುವುದನ್ನು ಸೈಮಿ ನೋಡಿದ್ದು ಅಂದೇ ಮೊದಲು. "ಯಾರೋ ಎಲ್ಲೋ ಕೂತು ತೆರಿಗೆ ಕಟ್ಟಿದ್ದಾರೆ. ಅವರಿಗೆ ಈ ಕೈ ಯಾರದ್ದು ಅಂತಾನೂ ಗೊತ್ತಿಲ್ಲ. ಅವರ ಹೊಟ್ಟೆ ತಣ್ಣಗಿರಲಿ."

ಪರವಾನಗಿ ಕೊಡಲು ಮೈರೆ ಬಂದರು. ಮೂಲೆಮೂಲೆ ನೋಡಿದರು, ಚರಂಡಿಯ ತೊಟ್ಟಿಯ ಮುಚ್ಚಳ ತೆಗೆಸಿ ಇಣುಕಿದರು. ಎಲ್ಲ ಸರಿಯಿದೆ ಎಂದು ಸಹಿ ಹಾಕಿದ ಮೇಲೆ ಕಾಫಿಗೆ ಕೂತರು. ಮೊದಲ ನಕ್ಷೆಯನ್ನು ಹಾಗೇ ಕಟ್ಟಿದ್ದರೆ ಮೊದಲ ನೆರೆಗೇ ಮೀನುಮನೆಗೆ ಬೀಗ ಬೀಳುತ್ತಿತ್ತು, ಪಡೆದ ಅನುದಾನವನ್ನೂ ವಾಪಸ್ ಕಟ್ಟಬೇಕಾಗುತ್ತಿತ್ತು ಎಂದರು. ದಡದ ಹಳೆಯ ನೆರೆಯ ಗುರುತುಗಳನ್ನು ಇಲ್ಮರಿ ಆ ಚಳಿಗಾಲದಲ್ಲೇ ಕಂಡುಕೊಂಡನಂತೆ. ಅರ್ಜಿಯನ್ನು ತಳ್ಳಿಹಾಕಬೇಡಿ, ತಿದ್ದಲು ಸಮಯ ಕೊಡಿ ಎಂದು ಕಚೇರಿಗೆ ಒತ್ತಿ ಹೇಳಿದವನೂ ಅವನೇ. ಅದು ಅವನು ಲೆಪ್ಪರಂತಕ್ಕಾಗಿ ಮಾಡಿದ ಕೊನೆಯ ಕೆಲಸವಂತೆ.

ಸೈಮಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಹಾಗಾದರೆ... ಬಿಟ್ಟುಕೊಟ್ಟಿದ್ದು ಯಾಕೆ?"

"ಹತ್ತಿರದವರ ಕೆಲಸ ನಾವು ಮುಟ್ಟೋ ಹಾಗಿಲ್ಲಮ್ಮ. ಕಾನೂನು." ಮೈರೆ ಅವಳ ಮುಖ ನೋಡಿದರು. "ಸಂಬಂಧ ಏನಪ್ಪಾ, ನೆಂಟರಾ ಅಂತ ಕೇಳಿದೆ. ಅಲ್ಲ ಅಂದ. ಮತ್ತೇನು ಅಂದೆ. 'ನನಗೆ ಹತ್ತಿರದವಳು, ಅವಳಿಗೆ ನಾನು ಏನು ಅಂತ ಗೊತ್ತಿಲ್ಲ' ಅಂದ. ನಿನಗೆ ಹೇಳಿರಬೇಕು ಅಂದುಕೊಂಡಿದ್ದೆ."

ಸೈಮಿ ಎದ್ದು ಹೊರಗೆ ಹೋದಳು. ಹಿಮದ ಮೇಲೆ ಅವನ ಮುಖ ಯಾಕೆ ಬಾಡಿತೆಂದು ಈಗ ತಿಳಿಯಿತು. ಏನು ಕೇಳಿದರೂ ಇಲ್ಲ ಅನ್ನಲ್ಲ ಎಂದಿದ್ದಳಲ್ಲ! ಹಾಗೆ ಹೇಳಿದವಳ ಹತ್ತಿರ ಏನನ್ನು ಕೇಳಿಯಾನು ಆ ಮನುಷ್ಯ?

*

ಮರುದಿನ ತಂಪು ವ್ಯಾನಿನ ಮೊದಲ ಸುತ್ತು. ಜಿಲ್ಲೆಯ ಶಾಲೆಗಳ ಅಡುಗೆಮನೆಗೆ, ಆಮೇಲೆ ವೃದ್ಧಾಶ್ರಮಗಳಿಗೆ ಮೀನು ಮುಟ್ಟಿಸಬೇಕಿತ್ತು. ಚಾಲಕನಾಗಿ ಗೊತ್ತುಮಾಡಿದ್ದವನನ್ನು ಹಿಲ್ಮಾ ಅತ್ತೆ ಬೆಳಿಗ್ಗೆಯೇ ಮನೆಗೆ ಕಳಿಸಿ, ಕೀಲಿಯನ್ನು ಸೈಮಿಯ ಅಂಗೈಗೆ ಒತ್ತಿದಳು.

ಪಟ್ಟಣದ ಶಾಲೆಯಲ್ಲಿ ಅಡುಗೆಯವಳು ಕ್ರೇಟಿನ ಮುಚ್ಚಳ ತೆಗೆದು, ಐಸಿನ ನಡುವೆ ಹೊಳೆಯುತ್ತಿದ್ದ ಮೀನನ್ನು ನೋಡಿ ನಕ್ಕಳು. ಎದುರಿನ ಸರೋವರದ ಮೀನು ಈ ಮಕ್ಕಳ ತಟ್ಟೆಗೆ ಬಂದು ಎಷ್ಟು ಕಾಲವಾಯಿತೋ ಎಂದಳು. ಸೈಮಿಗೆ ಎದೆ ತುಂಬಿ ಬಂತು. ಈ ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳಲು ಅವಳಿಂದಾಗಲಿಲ್ಲ.

ವ್ಯಾನನ್ನು ನೇರವಾಗಿ ಇಲ್ಮರಿ ಕೆಲಸ ಮಾಡುತ್ತಿದ್ದ ಪುರಸಭೆಯ ಕಚೇರಿಯ ಎದುರು ತಂದು ನಿಲ್ಲಿಸಿದಳು. ಊಟದ ಹೊತ್ತು. ಮೆಟ್ಟಿಲಿಳಿದು ಬರುತ್ತಿದ್ದ ಇಲ್ಮರಿ, ವ್ಯಾನಿನ ಮೇಲೆ ಬರೆದ ಲೆಪ್ಪರಂತ ಎಂಬ ಹೆಸರು ಓದಿ ಅಲ್ಲೇ ನಿಂತ. ಸೊರಗಿದ್ದ. ಅವಳು ಇಳಿದು ಎದುರು ಹೋದಳು.

"ಯಾಕೆ ಹೇಳಲಿಲ್ಲ ನೀನು?"

ಏನನ್ನು ಎಂದು ಅವನು ಕೇಳಲಿಲ್ಲ.

"ಹೇಳಿದ್ದರೆ ನೀನು ಹೂಂ ಅಂತಿದ್ದೆ. ಅನುದಾನ ಬರಲಿ ಅಂತಾನೋ, ಉಪಕಾರ ತೀರಲಿ ಅಂತಾನೋ... ನನಗೆ ಕೊನೆಗೂ ಗೊತ್ತಾಗ್ತಿರಲಿಲ್ಲ. ನಿನಗೂ ಗೊತ್ತಾಗ್ತಿರಲಿಲ್ಲ ಸೈಮಿ."

"ಆಮೇಲಾದರೂ ಬರಬಹುದಿತ್ತಲ್ಲ. ಜೂನ್‌ನಲ್ಲೇ ಮಂಜೂರಾಯ್ತು."

"ಬರಬೇಡಿ ಅಂದಿದ್ದೆ ನೀನು."

ಅವಳು ತಲೆ ತಗ್ಗಿಸಿದಳು. ತಪ್ಪಾಯಿತು ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಉಸಿರು ಬಿಗಿಹಿಡಿದು ಅವನ ಕಣ್ಣನ್ನೇ ನೋಡಿದಳು.

"ಉಪಕಾರ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು ಇಲ್ಮರಿ. ಹಿಲ್ಮಾ ಅತ್ತೆಯ ಉಪಕಾರ ನನ್ನ ಮೇಲಿದೆ. ಕೆಸರಲ್ಲಿ ನಿಂತು ಗುಂಡಿ ತೋಡಿದ ಊರಿನವರದ್ದಿದೆ. ಐಲಾ ಅವರದ್ದು, ಮೈರೆ ಅವರದ್ದು, ಮುಖ ಕಾಣದ ಯಾರ‍್ಯಾರದ್ದೋ ಇದೆ. ಎಲ್ಲರನ್ನೂ ದಿನಾ ನೆನೀತೀನಿ." ಎಣಿಸುತ್ತಿದ್ದ ಬೆರಳನ್ನು ಅಲ್ಲಿಗೇ ನಿಲ್ಲಿಸಿದಳು. "ಆದರೆ ಅವರಲ್ಲಿ ಯಾರಿಗೋಸ್ಕರವೂ ನಾನು ಬೇಸಿಗೆ ಪೂರ್ತಿ ರಸ್ತೆ ನೋಡ್ತಾ ಕೂತಿರಲಿಲ್ಲ."

ಇಲ್ಮರಿ ಎರಡು ಹೆಜ್ಜೆ ಮುಂದೆ ಬಂದು, ಮೀನಿನ ವಾಸನೆಯಿದ್ದ ಅವಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಕಚೇರಿಯ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ಇಬ್ಬರಿಗೂ ಅದರ ಪರಿವೆಯಿರಲಿಲ್ಲ.

"ಇನ್ನು ನಿಮ್ಮ ಮೀನುಮನೆಗೆ ನಾನು ಯಾವತ್ತೂ ತಪಾಸಣೆಗೆ ಬರೋ ಹಾಗಿಲ್ಲ," ಎಂದ ಕೊನೆಗೆ.

"ಒಳ್ಳೇದಾಯ್ತು. ಕೆಲಸಕ್ಕೆ ಬಾ. ಮೀನಿನ ಮೊಟ್ಟೆ ತೆಗೆಯೋಕೆ ಕೈ ಸಾಲ್ತಿಲ್ಲ."

ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ಆ ನಗು ನೋಡಿ ಸೈಮಿಯ ಕಣ್ಣಲ್ಲಿ ತಡೆದಿದ್ದ ನೀರು ಕೆನ್ನೆಗಿಳಿಯಿತು. ಅವನು ಹೆಬ್ಬೆರಳಿನಿಂದ ಒರೆಸಿದ.

"ವೃದ್ಧಾಶ್ರಮಗಳಿಗೆ ಮೀನು ಇಳಿಸೋದು ಬಾಕಿ ಇದೆ," ಎಂದಳು. "ಬರ್ತೀಯಾ?"

"ಊಟದ ವಿರಾಮ ಇನ್ನೇನು ಮುಗೀತು."

"ರಜೆ ಹಾಕು."

"ಎಷ್ಟು ದಿನ ಅಂತ ಹೇಳಲಿ?"

ಅವಳು ಬಾಗಿಲು ತೆರೆದು, ಪಕ್ಕದ ಸೀಟಿನ ಮೇಲಿದ್ದ ತನ್ನ ಕೋಟನ್ನು ಸರಿಸಿ ಅವನಿಗೆ ಜಾಗ ಮಾಡಿದಳು.

"ಮೊದಲು ವ್ಯಾನು ಹತ್ತು. ಅದನ್ನ ದಾರಿಯಲ್ಲಿ ಮಾತಾಡೋಣ."